ಸುಕ್ಕಾಗುವ ಹೊತ್ತು

ಗುರು ಅಂದ ಕೂಡಲೇ ಗಡ್ಡ, ಕಾವಿ, ಕಮಂಡಲ ಹುಡುಕಬೇಡಿ. ಬೋರಲಿಂಗಯ್ಯ ಮೇಷ್ಟ್ರಿಗೆ ಅದ್ಯಾವುದೂ ಇರಲಿಲ್ಲ. ತೋಳಿಲ್ಲದ ಬನಿಯನ್ನು, ಮೂಗಿನ ತುದಿಗೆ ಜಾರಿದ ಕನ್ನಡಕ, ಕಿವಿಯ ಮೇಲೆ ಸಿಕ್ಕಿಸಿದ ಒಂದು ಸಣ್ಣ ಬ್ರಷ್ಷು, ಇಷ್ಟೇ. ಕಪಿಲಾ ನದಿಯ ದಂಡೆಯ ಮೇಲಿದ್ದ ಒಂದು ಹೆಂಚಿನ ಕೋಣೆಯೇ ಅವರ ಆಶ್ರಮ.

ಅಲ್ಲಿ ಕೂತು ಅವರು ಪುಟ್ಟ ರೈಲು, ಪುಟ್ಟ ಹಡಗು, ಪುಟ್ಟ ವಿಮಾನಗಳನ್ನು ಮಾಡುತ್ತಿದ್ದರು. ಆಟದ ಸಾಮಾನು ಅಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ನಿಜದ್ದು ಹೇಗಿದೆಯೋ ಹಾಗೇ, ಅಳತೆ ಇಳಿಸಿ, ಮೊಳೆಯೂ ಬಿಡದೆ ಮಾಡಿದ ಮಾದರಿಗಳು ಅವು. ನಲವತ್ತು ವರ್ಷ ಅದೇ ಕೆಲಸ.

ಶಿಷ್ಯನೂ ಎಳೆಯನಲ್ಲ. ಉಮಾಪತಿಗೆ ನಲವತ್ತೆಂಟು. ಪೇಟೆ ಬೀದಿಯಲ್ಲಿ ಟೈಲರ್ ಅಂಗಡಿ ಇಟ್ಟಿದ್ದ. ಅವನು ಮೇಷ್ಟ್ರ ಹತ್ತಿರ ಬಂದಿದ್ದು ಒಂದೇ ಒಂದು ಬಸ್ಸು ಮಾಡಲಿಕ್ಕೆ.

ಅದು ಅವನ ಅಣ್ಣ ಪರಶಿವಮೂರ್ತಿ ಓಡಿಸುತ್ತಿದ್ದ ಬಸ್ಸು. ಕಪಿಲಾಂಬ ಮೋಟಾರ್ ಸರ್ವಿಸ್ಸಿನ ಕೆಂಪು ಬಸ್ಸು. ಇಪ್ಪತ್ತಾರು ವರ್ಷ ಓಡಿಸಿದ. ಆಮೇಲೆ ಬಸ್ಸು ಗುಜರಿಗೆ ಹೋಯಿತು. ಎಂಟು ತಿಂಗಳ ಹಿಂದೆ ಅಣ್ಣನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ನಾಲಿಗೆಯೂ ತೊದಲಿತು. ಅಂದಿನಿಂದ ಅವನು ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೂತು ಬೀದಿ ನೋಡುತ್ತಿದ್ದ.

ಉಮಾಪತಿ ಬಸ್ಸು ಮಾಡುತ್ತಾನೆ ಅಂತ ಗೊತ್ತಾದ ದಿನ ಅಣ್ಣ ಎಡಗೈಯಲ್ಲಿ ತನ್ನ ಟ್ರಂಕು ತೋರಿಸಿದ್ದ. ತಳದಲ್ಲಿ ಒಂದು ಹಾಳೆ ಇತ್ತು. ಕಂಪನಿಯ ಇಪ್ಪತ್ತೈದನೇ ವರ್ಷಕ್ಕೆ ಮಾಲೀಕರು ನೂರು ಪುಟ್ಟ ಬಸ್ಸು ಮಾಡಿಸಿ ಹಂಚಿದ್ದರಂತೆ. ಅವುಗಳ ಮೇಲೆ ಅಂಟಿಸಲು ಹಾಕಿಸಿದ ಹೆಸರಿನ ಹಾಳೆ ಅದು. ನೀರಲ್ಲಿ ನೆನೆಸಿದರೆ ಕಾಗದ ಬಿಟ್ಟು ಹೆಸರಷ್ಟೇ ತೆಳ್ಳಗೆ ಜಾರಿ ಬರುವಂಥದ್ದು.

ಮೇಷ್ಟ್ರು ಅದನ್ನು ಡೆಕಾಲ್ ಅನ್ನುತ್ತಿದ್ದರು. ಉಮಾಪತಿ ಕೊನೆಯವರೆಗೂ ಸ್ಟಿಕ್ಕರ್ ಎಂದೇ ಕರೆದ.

ಹಾಳೆಯಲ್ಲಿ ಉಳಿದಿದ್ದು ಎರಡೇ ಪಟ್ಟಿ, ಎಡಕ್ಕೊಂದು, ಬಲಕ್ಕೊಂದು. ಎರಡು ಬೆರಳಗಲದ ಪಟ್ಟಿಯಲ್ಲಿ ಬಿಳಿ ಅಕ್ಷರ, ಹಳದಿ ಅಂಚು. ಅಂಥ ಹಾಳೆ ಲೋಕದಲ್ಲಿ ಇನ್ನೆಲ್ಲೂ ಸಿಗುವಂತಿರಲಿಲ್ಲ.

ನಾಲ್ಕು ತಿಂಗಳಲ್ಲಿ ಬಸ್ಸು ತಯಾರಾಯಿತು. ಒಂದು ಗೇಣುದ್ದ. ತಗಡು ಕತ್ತರಿಸಿದ್ದು, ಸೀಟು ಕೂರಿಸಿದ್ದು, ಕೆಂಪು ಬಣ್ಣ ಹೊಡೆದಿದ್ದು ಎಲ್ಲ ಉಮಾಪತಿಯೇ. ಹೆಸರೊಂದು ಬಾಕಿ.

"ಇವತ್ತು ಹಾಕಿಬಿಡೋಣವಾ ಮೇಷ್ಟ್ರೇ?"

"ಬಣ್ಣ ಮುಟ್ಟಿ ನೋಡು."

ಉಮಾಪತಿ ಮುಟ್ಟಿದ. "ಒಣಗಿದೆ."

"ಒಣಗಿದೆ ಸರಿ, ತರಿತರಿ ಇದೆಯೋ ಇಲ್ವೋ?"

"ಕಣ್ಣಿಗೆ ಕಾಣಲ್ಲ."

"ಕಣ್ಣಿಗೆ ಕಾಣದ ಆ ತರಿಯಲ್ಲೇ ಗಾಳಿ ಕೂರೋದು. ಹೆಸರಿನ ಅಡಿಯಲ್ಲಿ ಬೂದಿ ಬಳಿದಂಗೆ ಕಾಣುತ್ತೆ. ಮೊದಲು ಹೊಳಪಿನ ವಾರ್ನಿಷ್ ಕೊಡು."

ವಾರ್ನಿಷ್ ಕೊಟ್ಟಾಯಿತು. ಅದು ಒಣಗಲು ಎರಡು ದಿನ. ಆಮೇಲೂ ಮೇಷ್ಟ್ರು ಅಣ್ಣನ ಹಾಳೆ ಮುಟ್ಟಗೊಡಲಿಲ್ಲ. ಹಳೇ ಹಾಳೆ, ನೀರಲ್ಲಿ ಚೂರಾದೀತು ಎಂದು ಅದಕ್ಕೂ ತೆಳ್ಳಗೆ ವಾರ್ನಿಷ್ ಸವರಿ ಒಣಗಲು ಇಟ್ಟರು. ಅಲ್ಲಿಯವರೆಗೆ ಕೈ ಪಳಗಲಿ ಎಂದು ತಮ್ಮ ಡಬ್ಬಿಯಿಂದ ಹಳೇ ವಿಮಾನದ ನಂಬರುಗಳನ್ನು ಕೊಟ್ಟರು. ಅಂಟಿಸಲು ಒಂದು ಎಣ್ಣೆಡಬ್ಬದ ತಗಡು.

"ನೀರು ಎಷ್ಟು ಬಿಸಿ ಇರಬೇಕು?"

"ಕೂಸಿಗೆ ನೀರು ಹಾಕೋವಷ್ಟು."

ಉಮಾಪತಿ ಏಳರ ಅಂಕಿಯೊಂದನ್ನು ಕತ್ತರಿಸಿ ನೀರಿಗೆ ಬಿಟ್ಟ. ಹತ್ತು ಎಣಿಸಿದ. ಬ್ರಷ್ಷಿನಿಂದ ತಳ್ಳಿದ. ಅಂಕಿ ಎರಡು ತುಂಡಾಯಿತು.

"ಯಾಕೆ ತಳ್ಳಿದೆ?"

"ಬರಲಿಲ್ಲ ಮೇಷ್ಟ್ರೇ."

"ಬರಲಿಲ್ಲ ಅಂದ್ರೆ ಹೊರಟಿಲ್ಲ ಅಂತ. ಹೊರಡದೇ ಇರೋರನ್ನ ತಳ್ಳಿದ್ರೆ ಏನಾಗುತ್ತೆ?"

"ಬೀಳ್ತಾರೆ."

"ಹೂಂ. ಇನ್ನೊಂದು ತಗೋ."

ಹೀಗೆ ಹನ್ನೊಂದು ನಂಬರು ಹಾಳಾದವು. ಹನ್ನೆರಡನೆಯದು ತಾನಾಗಿ ಜಾರಿ ತಗಡಿನ ಮೇಲೆ ಕೂತಿತು. ಬಟ್ಟೆಯ ತುದಿಯಿಂದ ನೀರು ಹೀರಿ ತೆಗೆದ. ಉಮಾಪತಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಂಗಡಿಗೆ ಹೋಗಿ ಗಿರಾಕಿಗಳಿಗೆಲ್ಲ ಆ ಕಥೆ ಹೇಳಿದ, ಅವರಿಗೆ ಒಂದಕ್ಷರವೂ ಅರ್ಥವಾಗಲಿಲ್ಲ.

ಅಣ್ಣನ ಹಾಳೆ ಒಣಗಿದ ದಿನ ಮೇಷ್ಟ್ರು ಕಪಾಟಿನಿಂದ ಒಂದು ಸಣ್ಣ ಸೀಸೆ ತೆಗೆದರು. ಒಳಗಿನ ದ್ರವಕ್ಕೆ ಹುಳಿ ವಾಸನೆ.

"ಹೆಸರು ನೆಟ್ಟಗೆ ಕೂತ ಮೇಲೆ ಇದನ್ನ ಸವರಬೇಕು. ಪೊರೆ ಮೆತ್ತಗಾಗುತ್ತೆ. ಮೊಳೆಯ ತಲೆ, ತಗಡಿನ ಉಬ್ಬಿದ ಏಣು ಎಲ್ಲದರ ಮೇಲೂ ಹತ್ತಿಕೊಳ್ಳುತ್ತೆ. ಆದ್ರೆ ಹತ್ತಿಕೊಳ್ಳೋಕ್ಕೆ ಮೊದಲು ಸುಕ್ಕಾಗುತ್ತೆ. ಕೆಟ್ಟೇಹೋಯ್ತು ಅನ್ನಿಸೋ ಹಾಗೆ ಸುಕ್ಕಾಗುತ್ತೆ."

"ಆಗೇನು ಮಾಡ್ಬೇಕು?"

"ಏನೂ ಮಾಡಬಾರದು."

"ಅಷ್ಟೇನಾ?"

"ಅಷ್ಟೇ."

ಇದೇನು ಮಹಾ ಎಂದುಕೊಂಡ ಉಮಾಪತಿ. ಏನೂ ಮಾಡದೆ ಇರುವುದು ಯಾರಿಗೆ ಬರುವುದಿಲ್ಲ? ನಮ್ಮೂರಲ್ಲಿ ಅದನ್ನೇ ಕಸುಬು ಮಾಡಿಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಎಡಗಡೆಯ ಪಟ್ಟಿಯನ್ನು ಅವನು ಚೆನ್ನಾಗಿಯೇ ಕೂರಿಸಿದ. ಕಿಟಕಿಯ ಸಾಲಿಗೆ ಸರಿಯಾಗಿ, ಒಂದು ಕೂದಲೆಳೆ ಹೆಚ್ಚುಕಮ್ಮಿ ಇಲ್ಲದೆ. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ ತಲೆಯಾಡಿಸಿದರು. ಅವನು ಸೀಸೆಯ ದ್ರವ ಸವರಿದ.

ಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ಮೂಲೆ ಎದ್ದಿತು. ಆಮೇಲೆ ಇಡೀ ಹೆಸರು, ಹಾಲಿನ ಕೆನೆ ಊದಿದಾಗ ಮುದುಡುತ್ತದಲ್ಲ, ಹಾಗೆ ಮುದುಡಿತು.

ಉಮಾಪತಿ ಟೈಲರು. ಮೂವತ್ತು ವರ್ಷ ಬಟ್ಟೆಯಲ್ಲಿ ಸುಕ್ಕು ಕಂಡಲ್ಲೆಲ್ಲ ಹೆಬ್ಬೆರಳು ಒತ್ತಿ ಎಳೆದವನು. ಆ ಬೆರಳಿಗೆ ಯಜಮಾನನ ಅಪ್ಪಣೆ ಬೇಕಿರಲಿಲ್ಲ. ಅವನಿಗೆ ಗೊತ್ತಾಗುವ ಮೊದಲೇ ಅದು ಹೋಗಿ ಒತ್ತಿ ಎಳೆದಿತ್ತು.

ಹೆಸರಿನ ಅರ್ಧ ಬಸ್ಸಿನ ಮೇಲೆ ಮುದ್ದೆಯಾಯಿತು. ಅರ್ಧ ಅವನ ಹೆಬ್ಬೆರಳಿಗೆ ಅಂಟಿಕೊಂಡಿತು.

ಉಮಾಪತಿ ಬೆರಳನ್ನೇ ನೋಡುತ್ತ ಕೂತ. ಅಣ್ಣ ಎಡಗೈಯಲ್ಲಿ ಆ ಟ್ರಂಕು ತೋರಿಸಿದ್ದು ನೆನಪಾಯಿತು.

"ಬಯ್ಯಿರಿ ಮೇಷ್ಟ್ರೇ."

"ಯಾರನ್ನ? ನಿನ್ನನ್ನೋ, ಬೆರಳನ್ನೋ?"

"ಎರಡೂ ನಾನೇ ಅಲ್ವಾ?"

"ಹಾಗಂತ ನಿನ್ನ ಬೆರಳಿಗೆ ಗೊತ್ತಿರೋ ಹಾಗೆ ಕಾಣಲಿಲ್ಲ. ಹೋಗಿ ಕೈ ತೊಳ್ಕೋ."

ಅವನು ನದಿಗೆ ಇಳಿದು ಕೈ ತೊಳೆದ. ಅಕ್ಷರಗಳು ಸುಲಭಕ್ಕೆ ಹೋಗಲಿಲ್ಲ, ಮರಳು ಹಾಕಿ ಉಜ್ಜಬೇಕಾಯಿತು. ಅಷ್ಟರಲ್ಲಿ ಮೇಷ್ಟ್ರು ಬಸ್ಸಿನ ಮೇಲಿನ ಮುದ್ದೆಯನ್ನು ಒರೆಸಿ ತೆಗೆದಿದ್ದರು.

ಮಾರನೇ ದಿನ ಅಂಗಡಿ ಮುಚ್ಚಿ ಮೈಸೂರಿಗೆ ಹೋದ. ಉಳಿದ ಪಟ್ಟಿಯ ಫೋಟೋ ತೋರಿಸಿ, ಇಂಥದ್ದೇ ಇನ್ನೊಂದು ಅಚ್ಚು ಹಾಕಿಕೊಡಿ ಎಂದು ಕಂಪ್ಯೂಟರ್ ಅಂಗಡಿಯಾಕೆಯನ್ನು ಕೇಳಿದ.

"ಯಾವ ಬಣ್ಣದ ಮೇಲೆ ಅಂಟಿಸ್ತೀರಾ ಸರ್?"

"ಕೆಂಪು."

"ಆಗಲ್ಲ ಸರ್. ನಮ್ಮ ಪ್ರಿಂಟರಿನಲ್ಲಿ ಬಿಳಿ ಅಂತ ಬಣ್ಣವೇ ಇಲ್ಲ. ನೀವು ಪ್ರಿಂಟಲ್ಲಿ ನೋಡೋ ಬಿಳಿ ಎಲ್ಲಾ ಕಾಗದದ್ದು."

ನಂಬದೆ ಪಾರದರ್ಶಕ ಹಾಳೆಯ ಮೇಲೆ ಒಂದು ಹಾಕಿಸಿಕೊಂಡು ಬಂದ. ಎಣ್ಣೆಡಬ್ಬದ ತಗಡಿಗೆ ಕೆಂಪು ಬಣ್ಣ ಬಳಿದು ಅದರ ಮೇಲೆ ಅಂಟಿಸಿದ. ಹಳದಿ ಅಂಚು ಮಂಕಾಗಿ ಕಂಡಿತು, ಅಕ್ಷರದ ಜಾಗದಲ್ಲಿ ಕೆಂಪು ತಗಡು. ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರೆ. ಇವನಿಗೆ ಬುದ್ಧಿ ಬಂತು, ಜೊತೆಗೆ ಬಸ್ ಚಾರ್ಜೂ ಹೋಯಿತು.

ಮೇಷ್ಟ್ರ ಮುಂದೆ ಹೋಗಿ ನಿಂತ.

"ಉಳಿದಿರೋದನ್ನ ನೀವೇ ಹಾಕಿಬಿಡಿ ಮೇಷ್ಟ್ರೇ. ನಿಮ್ಮ ಕೈ ತಪ್ಪಲ್ಲ. ನನ್ನ ಕೈಯನ್ನ ನಾನು ನಂಬಲ್ಲ."

"ಹಾಕೋಣ. ಒಂದೇ ಇದೆ. ಯಾವ ಕಡೆಗೆ?"

ಉಮಾಪತಿ ಯೋಚಿಸಿದ. "ಎಡಗಡೆಗೆ. ಜನ ಹತ್ತೋ ಕಡೆ."

"ಸರಿ."

"ಅಲ್ಲ, ಬಲಗಡೆಗೆ. ಡ್ರೈವರ್ ಹತ್ತೋ ಕಡೆ. ಅಣ್ಣ ದಿನಾ ಬೆಳಗ್ಗೆ ಆ ಕಡೆಯಿಂದಲೇ ಅಲ್ವಾ ಹತ್ತುತ್ತಿದ್ದಿದ್ದು?"

"ಬಸ್ಸು ಯಾರದ್ದು?"

"ಅಣ್ಣಂದು."

"ಒಂದು ಹಾಳಾಯ್ತು ಅಂತ ಅಣ್ಣನಿಗೆ ಹೇಳಿದ್ದೀಯಾ?"

ಮೂರು ದಿನದಿಂದ ಉಮಾಪತಿ ಅಣ್ಣನ ಬೆಂಚಿನ ಕಡೆ ಮುಖ ಹಾಕಿರಲಿಲ್ಲ.

ಮೇಷ್ಟ್ರು ಎದ್ದು ಬನಿಯನ್ನಿನ ಮೇಲೆ ಅಂಗಿ ಹಾಕಿಕೊಂಡರು. "ನಡಿ."

ಮನೆಯಲ್ಲಿ ಪರಶಿವಮೂರ್ತಿ ಎಂದಿನಂತೆ ಕಿಟಕಿಯ ಪಕ್ಕ ಕೂತಿದ್ದ. ದೊಡ್ಡ ದೇಹ, ಬಾಯಿ ಒಂದು ಕಡೆಗೆ ಎಳೆದಿತ್ತು. ಮೇಷ್ಟ್ರನ್ನು ಕಂಡು ಎಡಗೈ ಎತ್ತಿ ಹಣೆಗೆ ಹಚ್ಚಿದ. ಉಮಾಪತಿಯ ಹೆಂಡತಿ ಕಾಫಿ ತಂದಿಟ್ಟು ಹೋದಳು.

ಉಮಾಪತಿ ತಲೆ ಬಗ್ಗಿಸಿ ನಿಂತು ಹೇಳಿದ. "ಅಣ್ಣ, ಒಂದು ಸ್ಟಿಕ್ಕರ್ ಹಾಳು ಮಾಡಿಬಿಟ್ಟೆ. ಸುಕ್ಕಾಯ್ತು ಅಂತ ಒತ್ತಿಬಿಟ್ಟೆ. ಕಿತ್ತೋಯ್ತು."

ಪರಶಿವಮೂರ್ತಿ ತಮ್ಮನನ್ನು ನೋಡಿದ. ತುಟಿ ಅಲುಗಿತು. "ಹೋ..."

"ಹೋಯ್ತಲ್ಲ ಅಂತಾನೆ ಮೇಷ್ಟ್ರೇ," ಅಂದ ಉಮಾಪತಿ. "ಅವನಿಗೆ ಬೇಜಾರಾಗಿದೆ."

ಅಣ್ಣ ಬಾಯಿ ಮುಚ್ಚಿದ.

ಮೇಷ್ಟ್ರು ಬೆಂಚಿನ ತುದಿಯಲ್ಲಿ ಕೂತು ಪರಶಿವಮೂರ್ತಿಯ ಕಡೆಗೇ ತಿರುಗಿದರು. "ಒಂದು ಉಳಿದಿದೆ ಕಣಪ್ಪ. ಯಾವ ಕಡೆಗೆ ಹಾಕೋಣ?"

"ಹ... ಹಿ..."

"ಹೂಂ ಅಂತಾನೆ. ಎಡಗಡೆಗೆ ಅಲ್ವಾ ಅಣ್ಣ?"

ಪರಶಿವಮೂರ್ತಿ ಎಡಗೈಯಿಂದ ಬೆಂಚು ಬಡಿದ.

"ಹಂಗಾದ್ರೆ ಬಲಗಡೆಗೆ. ನಾನು ಹೇಳಲಿಲ್ವಾ ಮೇಷ್ಟ್ರೇ? ಬಲಗಡೆಗೆ ಅಂತೆ."

ಅಣ್ಣ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿದ. ಅವನ ಕೆನ್ನೆಯ ಮೇಲೆ ಜೊಲ್ಲು ಇಳಿದಿತ್ತು. ಉಮಾಪತಿ ಓಡಿ ಹೋಗಿ ಟವೆಲ್ಲಿನಿಂದ ಒರೆಸಿದ, ಹೊದ್ದಿದ್ದ ಶಾಲನ್ನು ಎಳೆದು ಸರಿಮಾಡಿದ. ಅವನಷ್ಟು ಪ್ರೀತಿಯ ತಮ್ಮ ಆ ಬೀದಿಯಲ್ಲಿ ಇನ್ನೊಬ್ಬನಿರಲಿಲ್ಲ, ಆ ಮಾತು ಸುಳ್ಳಲ್ಲ.

ಮೇಷ್ಟ್ರು ಸ್ವಲ್ಪ ಹೊತ್ತು ಇಬ್ಬರನ್ನೂ ನೋಡಿದರು. ಆಮೇಲೆ ತಮ್ಮ ಅಂಗಿಯ ಗುಂಡಿ ಹಿಡಿದು ಎಳೆದರು. ಒಂದು, ಎರಡು, ಮೂರು ಗುಂಡಿ ಕಿತ್ತು ಕೈಗೆ ಬಂದವು.

"ಇದೇನು ಮೇಷ್ಟ್ರೇ!"

"ಗುಂಡಿ ಕಿತ್ತೋಗಿವೆ. ಹಾಕಿಕೊಡು."

"ಈಗ ನೀವೇ ಕಿತ್ತಿರಲ್ಲ!"

"ನಾನೇ ಕಿತ್ತೆ. ಹಾಕು. ಹಾಕಿ ಮುಗಿಸೋವರೆಗೂ ಮೇಲೆ ನೋಡಬೇಡ."

ಗುರುಗಳ ಅಂಗಿ. ಮಾಡುವುದೇನು? ಉಮಾಪತಿ ಸೂಜಿದಾರ ತಂದು ನೆಲದ ಮೇಲೆ ಕೂತ. ಗುಂಡಿಗಳನ್ನು ತುಟಿಯ ನಡುವೆ ಕಚ್ಚಿಕೊಂಡು ಹೊಲಿಯುವುದು ಅವನ ಹಳೇ ಅಭ್ಯಾಸ. ಮೂರನ್ನೂ ಕಚ್ಚಿಕೊಂಡ. ಎರಡು ಕೈಗೂ ಕೆಲಸ, ಬಾಯಿಗೂ ಕೆಲಸ.

ಮೇಷ್ಟ್ರು ಬರಿ ಬನಿಯನ್ನಿನಲ್ಲಿ ಕೂತು ಮತ್ತೆ ಕೇಳಿದರು. "ಯಾವ ಕಡೆಗೆ ಪರಶಿವಮೂರ್ತಿ?"

"ಹಿ..."

ಉಮಾಪತಿಯ ತುಟಿ ಬಿಗಿಯಿತು. ಗುಂಡಿಗಳು ಹಲ್ಲಿಗೆ ತಾಗಿ ಕಟಕಟ ಅಂದವು.

"ಹಿಂ..."

ಬೀದಿಯಲ್ಲಿ ಒಂದು ಆಟೋ ಹೋಯಿತು. ಮೇಷ್ಟ್ರು ಅವಸರ ಮಾಡಲಿಲ್ಲ. ಮುಂದಿಟ್ಟ ಕಾಫಿ ಆರುತ್ತಾ ಬಂದಿತು.

"...ದೆ."

ಉಮಾಪತಿ ಸೂಜಿ ನಿಲ್ಲಿಸಿದ. ಅಣ್ಣನ ಬಾಯಿಂದ ಎಂಟು ತಿಂಗಳಲ್ಲಿ ಅವನು ಕೇಳಿದ ಮೊದಲ ಇಡೀ ಮಾತು ಅದು. ಮೇಲೆ ನೋಡಬಾರದು ಅಂದಿದ್ದರು, ಆದರೂ ನೋಡಿದ.

"ಹಿಂದೆಯಾ? ಬಸ್ಸಿನ ಹಿಂಭಾಗಕ್ಕಾ?" ಮೇಷ್ಟ್ರಿಗೂ ಆಶ್ಚರ್ಯವಾಗಿತ್ತು. "ಯಾಕಪ್ಪ?"

ಇದಕ್ಕೆ ಇನ್ನೂ ಹೆಚ್ಚು ಹೊತ್ತು ಹಿಡಿಯಿತು. ಪರಶಿವಮೂರ್ತಿಯ ಕತ್ತಿನ ನರ ಉಬ್ಬಿತು, ಹಣೆ ಬೆವೆತಿತು. ಒಂದೊಂದು ಅಕ್ಷರವೂ ಏರಿನಲ್ಲಿ ಬಂಡಿ ಎಳೆದ ಹಾಗೆ ಬಂತು.

"ತ... ಪ್ಪಿ... ದೋರು. ಓ... ದ್ಲಿ."

ಮೇಷ್ಟ್ರು ಮೆಲ್ಲಗೆ ಕೇಳಿದರು. "ಬಸ್ಸು ತಪ್ಪಿದೋರು, ಹಿಂದೆ ಓಡಿ ಬಂದು ನಿಂತೋರು, ಅವರು ಓದಲಿ ಅಂತೀಯಾ?"

ಪರಶಿವಮೂರ್ತಿ ಹೌದೆಂದು ತಲೆಯಾಡಿಸಿದ. ಬಾಯಿಯ ಒಳ್ಳೇ ಕಡೆಯಿಂದ ನಕ್ಕ. ಇಪ್ಪತ್ತಾರು ವರ್ಷ ಕನ್ನಡಿಯಲ್ಲಿ ಅವನು ನೋಡಿದ್ದು ಅವರನ್ನೇ ಇರಬೇಕು, ಚೀಲ ಹಿಡಿದು ಕೈ ಬೀಸುತ್ತ ದೂಳಿನಲ್ಲಿ ಉಳಿದುಹೋದವರನ್ನು.

ಉಮಾಪತಿಯ ತುಟಿಯಿಂದ ಗುಂಡಿಗಳು ನೆಲಕ್ಕೆ ಬಿದ್ದವು. ಅವನು ಅತ್ತ. ಹತ್ತು ಜನ್ಮ ಯೋಚಿಸಿದ್ದರೂ ಹಿಂಭಾಗ ಎಂಬುದು ಅವನಿಗೆ ಹೊಳೆಯುತ್ತಿರಲಿಲ್ಲ. ಎಂಟು ತಿಂಗಳಿಂದ ಅಣ್ಣನ ಮಾತನ್ನೆಲ್ಲ ಇವನೇ ಆಡಿ ಮುಗಿಸಿದ್ದ. ಅಣ್ಣ ಏನು ಹೇಳಲು ಹೊರಟಿದ್ದನೋ ಯಾರು ಬಲ್ಲರು?

"ಗುಂಡಿ ಹುಡುಕು," ಅಂದರು ಮೇಷ್ಟ್ರು. "ಒಂದು ಬೆಂಚಿನ ಕೆಳಗೆ ಹೋಯ್ತು."

ಮಾರನೇ ಬೆಳಗ್ಗೆ ಸಾಮಾನೆಲ್ಲ ಮನೆಗೇ ತಂದರು. ಬೆಂಚಿನ ಮುಂದೆ ಒಂದು ಸ್ಟೂಲು, ಅದರ ಮೇಲೆ ಬಸ್ಸು, ಬಟ್ಟಲಲ್ಲಿ ಉಗುರು ಬೆಚ್ಚಗಿನ ನೀರು.

"ನೀವೇ ಹಾಕ್ತೀರಲ್ವಾ ಮೇಷ್ಟ್ರೇ?"

"ಬಸ್ಸು ನಿಮ್ಮಣ್ಣಂದು. ಅವನನ್ನೇ ಕೇಳು."

ಉಮಾಪತಿ ಅಣ್ಣನ ಕಡೆ ತಿರುಗಿದ. ಅಣ್ಣನ ತುಟಿ ಅಲುಗಿತು. ಉಮಾಪತಿ ಕಾದ. ಕಾಯುವುದು ಅವನಿಗೆ ಬಾರದ ವಿದ್ಯೆ, ಕಾಲ್ಬೆರಳು ಮಡಚಿಕೊಂಡು ಕಾದ.

"ನೀ... ನು."

ಹಿಂಭಾಗ ಸಲೀಸಾದ ಜಾಗವಲ್ಲ. ತಗಡು ಹೊಟ್ಟೆ ಉಬ್ಬಿದ ಹಾಗೆ ಉಬ್ಬಿತ್ತು, ನಡುವೆ ಎರಡು ಏಣು ಬೇರೆ. ಪಕ್ಕದಲ್ಲಾದರೆ ಹೇಗೋ ಕೂತೀತು, ಇಲ್ಲಿ ಸೀಸೆಯ ಹುಳಿ ಸವರದೆ ಗತಿಯೇ ಇರಲಿಲ್ಲ.

ಪಟ್ಟಿ ನೀರಿಗೆ ಬಿಟ್ಟ. ಎಣಿಸಲಿಲ್ಲ, ಬ್ರಷ್ಷಿನ ತುದಿ ತಾಗಿಸಿ ನೋಡುತ್ತ ಕೂತ. ಹೆಸರು ಕಾಗದದ ಮೇಲೆ ಅಲುಗಿದಾಗ ಎತ್ತಿದ. ಬಸ್ಸಿನ ಹಿಂದಕ್ಕೆ ಜಾರಿಸಿದ. ಅಣ್ಣ ಎಡಗೈ ಬೆರಳನ್ನು ಸ್ವಲ್ಪ ಮೇಲಕ್ಕೆ ಎತ್ತಿದ. ಉಮಾಪತಿ ಬಲತುದಿಯನ್ನು ಅಷ್ಟೇ ಮೇಲಕ್ಕೆ ಸರಿಸಿದ. ಅಣ್ಣ ಬೆರಳು ಇಳಿಸಿದ.

ನೀರು ಹೀರಿಸಿಯಾಯಿತು. ಸೀಸೆ ತೆರೆದು ಹುಳಿ ಸವರಿದ.

ಹೆಸರು ಸುಕ್ಕಾಯಿತು. ಅವತ್ತಿನ ಎರಡರಷ್ಟು ಸುಕ್ಕಾಯಿತು. ಏಣಿನ ಮೇಲೆ ಒಂದು ಗುಳ್ಳೆ ಎದ್ದಿತು, 'ಕಪಿಲಾಂಬ'ದ ನಡುವಿನ ಅಕ್ಷರಗಳೇ ಮಡಚಿದ ಹಾಗೆ ಕಂಡವು.

ಉಮಾಪತಿ ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ಎದ್ದು ಬಾಗಿಲಿನ ಕಡೆಗೆ ಹೊರಟಿದ್ದರು.

"ಮೇಷ್ಟ್ರೇ, ಎಲ್ಲಿಗೆ?"

ಅವರು ಹೊರಗೆ ಜಗಲಿಯ ಮೇಲೆ ಹೋಗಿ ಕೂತರು.

ಉಮಾಪತಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ. ಅದು ಒಳಗೇ ಮಿಸುಕಿತು. ಹುಟ್ಟುಗುಣ ಸುಟ್ಟರೂ ಹೋಗದು ಎಂಬುದನ್ನು ದೊಡ್ಡವರು ಸುಮ್ಮನೆ ಹೇಳಲಿಲ್ಲ. ಇನ್ನೊಂದು ಕ್ಷಣ ಅಲ್ಲಿದ್ದರೆ ಕೆಲಸ ಕೆಡುತ್ತದೆ ಅನ್ನಿಸಿ ಅವನೂ ಎದ್ದು ಹೊರಗೆ ಬಂದ.

"ಗುಳ್ಳೆ ಎದ್ದಿದೆ ಮೇಷ್ಟ್ರೇ."

"ಹೂಂ."

"ಅಲ್ಲಿ ಯಾರೂ ಇಲ್ಲ."

"ನಿಮ್ಮಣ್ಣ ಇದ್ದಾನಲ್ಲ."

ಇಬ್ಬರೂ ಕೂತರು. ಎದುರುಗಡೆ ಮನೆಯವಳು ಸಂಡಿಗೆ ಒಣಹಾಕುತ್ತಿದ್ದಳು. ಉಮಾಪತಿ ಎರಡು ಸಲ ಏಳಲು ಹೋದ. ಎರಡು ಸಲವೂ ತಾನಾಗಿಯೇ ಕೂತ.

ಬಹಳ ಹೊತ್ತಿನ ಮೇಲೆ ಒಳಗಿನಿಂದ ದನಿ ಬಂತು.

"ಕೂ..."

ಉಮಾಪತಿ ಬಾಯಿ ತೆರೆದ. ಕೂಗಬೇಕಾ, ಕೂತ್ಕೋಬೇಕಾ, ಕೂಳು ಬೇಕಾ, ಮೂರೂ ನಾಲಿಗೆಯ ತುದಿಗೆ ಬಂದವು. ಮೂರನ್ನೂ ನುಂಗಿ ಬಾಯಿ ಮುಚ್ಚಿದ.

"...ತ್ಕೊಂ..."

ಮೇಷ್ಟ್ರು ಕಣ್ಣು ಮುಚ್ಚಿ ಕೇಳುತ್ತಿದ್ದರು.

"...ತು."

ಉಮಾಪತಿ ಒಳಗೆ ಓಡಿದ. ಸುಕ್ಕೂ ಇರಲಿಲ್ಲ, ಗುಳ್ಳೆಯೂ ಇರಲಿಲ್ಲ. ಹೆಸರು ಎರಡೂ ಏಣುಗಳನ್ನು ತಬ್ಬಿಕೊಂಡು ಕೂತಿತ್ತು, ಕೈಯಲ್ಲಿ ಬರೆದ ಹಾಗೆ. ಅಣ್ಣ ಅದನ್ನೇ ನೋಡುತ್ತಿದ್ದ, ಕಣ್ಣು ಒದ್ದೆಯಾಗಿತ್ತು. ಉಮಾಪತಿಯ ಕೈ ಟವೆಲ್ಲಿನ ಕಡೆಗೆ ಹೋಯಿತು. ತೆಗೆದುಕೊಳ್ಳಲಿಲ್ಲ. ಅಣ್ಣನ ಪಕ್ಕದಲ್ಲಿ ಹೋಗಿ ಕೂತ, ಅಷ್ಟೇ.

ಮೇಷ್ಟ್ರು ಒಳಗೆ ಬಂದು ಬಸ್ಸನ್ನು ಒಮ್ಮೆ ನೋಡಿ, ಬ್ರಷ್ಷು ತೊಳೆಯಲು ಶುರುಮಾಡಿದರು.

"ಒಂದು ಕೇಳಲಾ ಮೇಷ್ಟ್ರೇ?" ಅಂದ ಉಮಾಪತಿ. "ನನ್ನ ಬೆರಳಿನ ಕಥೆ ಬಿಡಿ, ಅದನ್ನ ಎಬ್ಬಿಸಿಕೊಂಡು ಹೋಗಲೇಬೇಕಿತ್ತು. ನೀವು ನಲವತ್ತು ವರ್ಷದ ಕೈ. ಇಲ್ಲೇ ಕೂತು ನೋಡಬಹುದಿತ್ತಲ್ಲ. ನೀವ್ಯಾಕೆ ಮೊದಲೇ ಎದ್ದು ಹೋದ್ರಿ?"

ಮೇಷ್ಟ್ರು ಬ್ರಷ್ಷಿನ ನೀರು ಕೊಡವಿ ಕಿವಿಯ ಮೇಲೆ ಸಿಕ್ಕಿಸಿಕೊಂಡರು.

"ಇಲ್ಲೇ ಕೂತಿದ್ರೆ ನಾನೂ ಮುಟ್ಟಿಬಿಡ್ತಿದ್ದೆ ಕಣಯ್ಯ."